ತೂಕ ಕೊಟ್ಟ ಭಾನುವಾರ

ಮದುವೆಯ ಹಿಂದಿನ ದಿನ ಕೈಗೆ ಮದರಂಗಿ ಮೆತ್ತಿಸಿಕೊಂಡು ಕೂತಿದ್ದಾಗ ನಾನು ದೊಡ್ಡವ್ವನಿಗೆ ಒಂದು ಮಾತು ಕೊಟ್ಟೆ. ನನ್ನ ತೂಕವನ್ನು ಯಾರಿಗೂ ಕೊಡುವುದಿಲ್ಲ, ಕಟ್ಟಿಕೊಳ್ಳುವ ಗಂಡನಿಗೂ ಕೊಡುವುದಿಲ್ಲ ಎಂದು. ಕೈ ಮೇಲೆ ಕೈಯಿಟ್ಟು ಭಾಷೆ ಕೊಡುವ ಹಾಗಿರಲಿಲ್ಲ, ಮದರಂಗಿ ಕಲಸಿಹೋಗುತ್ತಿತ್ತು. ಅದಕ್ಕೇ ದೊಡ್ಡವ್ವ ನನ್ನ ಮೊಣಕೈ ಹಿಡಿದುಕೊಂಡು, "ಬಾಯಲ್ಲಿ ಹೇಳು ಸಾಕು, ಗ್ವಾಡೆ ಕೇಳಿಸ್ಕತ್ತದೆ" ಅಂದಳು. ಹೇಳಿದೆ. ಹೆತ್ತವಳು ಹೋದ ಮೇಲೆ ನನ್ನನ್ನು ಸಾಕಿದ ತಾಯಿಯ ಅಕ್ಕ ಅವಳು. ಹಪ್ಪಳ ಒತ್ತಿ ಮಾರಿ ನನ್ನನ್ನು ದೊಡ್ಡವಳು ಮಾಡಿದವಳು. ಅವತ್ತು ಅವಳು ಉಪ್ಪು ತಿನ್ನಬೇಡ ಎಂದಿದ್ದರೂ ಹೂಂ ಅನ್ನುತ್ತಿದ್ದೆ. ಯಾಕೆ ಎಂದು ಕೇಳಲಿಲ್ಲ. ದೊಡ್ಡವ್ವನ ಹತ್ತಿರ ಮಾತು ಎಂದರೆ ಮಾತು. ಮಾತು ತಪ್ಪಿದ ಸ್ವಂತ ತಮ್ಮನ ಮನೆಯಲ್ಲಿ ಅವಳು ಇವತ್ತಿಗೂ ನೀರು ಮುಟ್ಟುವುದಿಲ್ಲ.

ನಮ್ಮೂರಲ್ಲಿ ಒಬ್ಬರು ಇನ್ನೊಬ್ಬರಿಗೆ ಮನಸಾರೆ ತಮ್ಮನ್ನು ಒಪ್ಪಿಸಿಕೊಂಡರೆ, 'ಈ ಹೊತ್ತು ನೀನು ಹೇಳಿದ ಹಾಗೆ' ಎಂದು ಒಳಗಿನಿಂದ ಅಂದುಕೊಂಡರೆ, ಅವರ ತೂಕ ಆ ಇನ್ನೊಬ್ಬರ ಮೈಗೆ ಹೋಗುತ್ತದೆ. ಕೊಟ್ಟವರು ಹತ್ತಿಯಷ್ಟು ಹಗುರ, ಇಸಿದುಕೊಂಡವರು ಒರಳುಕಲ್ಲಿನಷ್ಟು ಭಾರ. ದೊಡ್ಡವರ ನಡುವೆ ಮಾತ್ರ ನಡೆಯುವ ಸಂಗತಿ ಇದು. ಹೆಚ್ಚಾಗಿ ಗಂಡ ಹೆಂಡಿರ ನಡುವೆ. ಬಡಗಿ ಮದುವೆ ಮಂಚಕ್ಕೆ ಆರು ಕಾಲು ಕೊಡುತ್ತಾನೆ, ಯಾರೂ ಹೇಳಬೇಕಾಗಿಲ್ಲ. ಹತ್ತುವಾಗ ಮೆಟ್ಟಿಲು ಕಿರುಗುಟ್ಟಿದರೆ ಬಸ್ಸಿನ ಕಂಡಕ್ಟರು, "ಅಣ್ಣ, ನೀವು ನಡುವಿನ ಸೀಟಿಗೆ ಬನ್ನಿ, ಗಾಡಿ ವಾಲ್ತದೆ" ಅನ್ನುತ್ತಾನೆ. ಗಾಳಿ ತಿಂಗಳಲ್ಲಿ ಹಗುರಾದವರು ಸೊಂಟಕ್ಕೆ ಗುಂಡುಕಲ್ಲು ಕಟ್ಟಿಕೊಂಡು ಸಂತೆಗೆ ಬರುತ್ತಾರೆ. ಮಳೆ ಬಿದ್ದ ಮಾರನೆಯ ದಿನ ಅರಳಿಕಟ್ಟೆಯ ಮುದುಕರಿಗೆ ಹಬ್ಬ. ಕೆಸರಿನ ಹೆಜ್ಜೆಗುರುತು ನೋಡಿ ಯಾರ ಮನೆಯಲ್ಲಿ ಯಾರದು ಯಾರ ಮೇಲೆ ಎಂದು ಲೆಕ್ಕ ಹಾಕುವುದೇ ಅವರ ಕಸುಬು.

ಹೆದರಿಸಿದರೆ ಮಾತ್ರ ಈ ತೂಕ ಹೋಗುವುದಿಲ್ಲ. ಸೌದೆ ಡಿಪೋದ ಕಾಳೇಗೌಡ ಹೆಂಡತಿಯನ್ನು ಗದರುವುದು ಮೂರು ಬೀದಿಗೆ ಕೇಳಿಸುತ್ತಿತ್ತು. ಅವಳು ತಲೆ ತಗ್ಗಿಸಿ ಹೇಳಿದ್ದನ್ನೆಲ್ಲ ಮಾಡುತ್ತಿದ್ದಳು. ಆದರೂ ಗೌಡನ ಹೆಜ್ಜೆ ಕೆಸರಲ್ಲಿ ಕೋಳಿ ಹೆಜ್ಜೆಯಷ್ಟೇ ಆಳ. ಊರಿಗೆ ಊರೇ ನೋಡಿ ಮುಸಿಮುಸಿ ನಕ್ಕಿತು. ಕೊಟ್ಟದ್ದನ್ನು ವಾಪಸ್ಸು ತೆಗೆದುಕೊಳ್ಳುವುದೂ ಕೊಟ್ಟವರ ಇಷ್ಟವೇ. ಜೋಡಿಗೊಂದು ಮಾತು ಇರುತ್ತದೆ, ಮೊದಲೇ ಗೊತ್ತು ಮಾಡಿಕೊಂಡದ್ದು. ಆ ಮಾತು ಬಾಯಿಂದ ಬಿದ್ದ ಗಳಿಗೆಯಲ್ಲಿ ತೂಕ ತನ್ನ ಮನೆಗೆ. ಪೋಸ್ಟ್‌ಮಾಸ್ಟರ ಮನೆಯಲ್ಲಿ ಆ ಮಾತು ಬೂದುಗುಂಬಳ. ಹಾಗಾಗಿ ಅವರ ಹೆಂಡತಿ ವಿಶಾಲಮ್ಮ ಸಂತೆಯಲ್ಲಿ ಬೆರಳು ತೋರಿಸಿ, "ಆ ದಪ್ಪದು ಕೊಡಪ್ಪ, ಬೂದಿ ಹಚ್ಕೊಂಡಿರೋದು" ಅನ್ನುತ್ತಾರೆ.

ಇನ್ನು ನನ್ನ ವಿಷಯ. ನಾನು ಕಟ್ಟಡದ ಮೇಸ್ತ್ರಿ. ಮದುವೆಯಾಗಿ ಬಂದು ಮಾವನ ಕೈಕೆಳಗೆ ಗಾರೆ ಕಲಸುತ್ತ ಶುರುಮಾಡಿದೆ; ಮಾವನ ಸೊಂಟ ಬಿದ್ದ ಮೇಲೆ ಆಳುಗಳೆಲ್ಲ ನನ್ನ ಮುಖ ನೋಡತೊಡಗಿದರು. ಬೆಳಗಾದರೆ ಕಂಬಿ ಎಷ್ಟು ದೂರ ಕಟ್ಟಲಿ ಮೇಸ್ತ್ರಮ್ಮ, ಮರಳು ಬಂದಿಲ್ಲ ಮೇಸ್ತ್ರಮ್ಮ, ಸೆಂಟ್ರಿಂಗ್ ಹಲಗೆ ಬಿಚ್ಚಲಾ ಮೇಸ್ತ್ರಮ್ಮ. ಎಲ್ಲದಕ್ಕೂ ಉತ್ತರ ನಾನೇ. ಸಂಜೆ ಮನೆಗೆ ಬಂದರೆ ಮಗಳ ಜಡೆಗೆ ಯಾವ ರಿಬ್ಬನ್ನು, ಮಗನ ಜ್ವರಕ್ಕೆ ಯಾವ ಡಾಕ್ಟರು, ಸಾರಿಗೆ ಯಾವ ಬೇಳೆ. ಅದಕ್ಕೂ ನಾನೇ. ನನ್ನ ಗಂಡ ಚೆಲುವರಾಜು ಒಳ್ಳೆಯ ಮನುಷ್ಯ. ಪೇಟೆ ತುದಿಯಲ್ಲಿ ಅವರದೊಂದು ಬೇಕರಿ. ಅವರ ಬನ್ನು ಹೇಗೋ ಅವರೂ ಹಾಗೆ, ಒತ್ತಿದರೆ ತಗ್ಗಿ ಮತ್ತೆ ಮೇಲೆ ಬರುವ ಜಾತಿ. ಏನು ಕೇಳಿದರೂ "ನೀನು ಹೆಂಗಂತೀಯೋ ಹಂಗೆ" ಎಂಬ ಒಂದೇ ಉತ್ತರ. ನನ್ನ ಹೆಜ್ಜೆಯ ಜೋರು ನೋಡಿ ಗಂಡನ ತೂಕ ನನ್ನ ಮೇಲಿದೆ ಎಂದು ಅರಳಿಕಟ್ಟೆ ಬಹಳ ಹಿಂದೆಯೇ ತೀರ್ಪು ಕೊಟ್ಟಿತ್ತು. ನಿಜ ಏನೆಂದರೆ ಅಷ್ಟೂ ನನ್ನದೇ. ಮದುವೆಯಾದ ಹೊಸತರಲ್ಲಿ ಅವರು ತಮ್ಮದನ್ನು ಕೊಡಲು ಬಂದಿದ್ದರು. "ಬೇಡ ಕಣ್ರೀ, ಇರೋದೇ ಸಾಕಾಗಿದೆ" ಎಂದು ನಾನೇ ವಾಪಸ್ಸು ಕಳಿಸಿದ್ದೆ.

ನನಗೆ ಆಸೆ ಹುಟ್ಟಿಸಿದ್ದು ಪೋಸ್ಟ್‌ಮಾಸ್ಟರ್ ರಂಗಧಾಮಯ್ಯನವರು. ಕಚೇರಿಯಲ್ಲಿ ಅವರ ಮೀಸೆ ನೋಡಿಯೇ ಜನ ಸ್ಟಾಂಪು ಬೇಡ ಎಂದು ಹಿಂತಿರುಗುತ್ತಾರೆ. ಅಂಥವರು ಭಾನುವಾರದ ದಿನ ಹೆಂಡತಿಯ ಹಿಂದೆ, ಸೊಂಟದಲ್ಲಿ ಗುಂಡುಕಲ್ಲು, ಕೈಯಲ್ಲಿ ಚೀಲ, ನೆಲಕ್ಕೆ ಕಾಲು ತಾಗಿಯೂ ತಾಗದ ಹಾಗೆ ತೇಲಿಕೊಂಡು ಬರುತ್ತಿದ್ದರು. ಮುಖದಲ್ಲಿ ಸ್ನಾನ ಮಾಡಿಸಿಕೊಂಡ ಮಗುವಿನ ಕಳೆ. ಮುಂದೆ ವಿಶಾಲಮ್ಮ, ಹೆಜ್ಜೆಗೊಮ್ಮೆ ರಸ್ತೆಯ ಜಲ್ಲಿ ಕರಕರ. ಇಟ್ಟಿಗೆ ಲೋಡಿನ ಪಕ್ಕ ನಿಂತು ಅವರನ್ನು ನೋಡುತ್ತ, ಒಂದೇ ಒಂದು ಮಧ್ಯಾಹ್ನ ನನಗೂ ಹಾಗಿರಬೇಕು ಅನ್ನಿಸಿತು. ಯಾರಾದರೂ 'ಕೂತ್ಕೋ' ಅನ್ನಬೇಕು, ನಾನು ಕೂರಬೇಕು. ಯಾಕೆ, ಎಲ್ಲಿ, ಎಷ್ಟು ಹೊತ್ತು ಎಂದು ಯೋಚಿಸುವ ಕೆಲಸ ನನ್ನದಾಗಬಾರದು.

ಒಂದು ಭಾನುವಾರ ಹಿತ್ತಲಲ್ಲಿ ಇಬ್ಬರೂ ಸೇರಿ ಒದ್ದೆ ರಗ್ಗು ಹಿಂಡುತ್ತಿದ್ದೆವು. ಆ ತುದಿ ಅವರದು, ಈ ತುದಿ ನನ್ನದು.

"ರೀ, ಒಂದು ಮಾತು. ನನ್ನ ತೂಕ ವಸಿ ಹೊತ್ತು ಇಸ್ಕತೀರಾ?"

ಅವರ ಕೈಯಿಂದ ರಗ್ಗಿನ ತುದಿ ಜಾರಿ ಮಣ್ಣಿಗೆ ಬಿತ್ತು.

"ನಾನಾ?"

"ಇನ್ಯಾರನ್ನ ಕೇಳ್ಲಿ, ಹಾಲಿನವನ್ನ ಕೇಳ್ಲಾ?"

"ಅಲ್ಲ ಕಣೆ, ನಾನು ಯಾವತ್ತಾರ ಯಾರ್ಗಾರ ಏನಾರ ಮಾಡು ಅಂದಿದೀನಾ? ಹಾಲಿಗೆ ನೀರು ಹಾಕ್ತಾನೆ ಅಂತ ಗೊತ್ತಿದ್ರೂ ಅವನ್ನ ನೀನೇ ಬೈಬೇಕು. ನಂಗೆ ಹುಕುಂ ಮಾಡಕ್ಕೆ ಬರದಿಲ್ಲ."

"ಕಲೀರಿ. ನಾನೇನು ಹುಟ್ತಾನೇ ಕರಣೆ ಹಿಡ್ಕಂಡು ಹುಟ್ಟಿದ್ನಾ?"

ಕಲಿಯಲು ಶುರುಮಾಡಿದರು, ಪಾಪ. ಮೂರ್ನಾಲ್ಕು ದಿನ ಬಿಟ್ಟು ಬೇಕರಿಗೆ ಹೋದರೆ ಒಳಗಿನಿಂದ ಗಡಸು ದನಿ ಕೇಳಿಸಿತು. ಇಣುಕಿದೆ. ಇವರು ಸೊಂಟಕ್ಕೆ ಕೈಕೊಟ್ಟು ಹಿಟ್ಟಿನ ತೊಟ್ಟಿಯ ಮುಂದೆ ನಿಂತು, "ಏಯ್, ಏಳು. ಏಳು ಅಂದ್ರೆ ಏಳ್ಬೇಕು" ಅನ್ನುತ್ತಿದ್ದರು. ಮೀಸೆ ತಿರುವಿದ್ದರು, ಮೀಸೆಯ ತುಂಬ ಮೈದಾ.

"ಅದು ಹೆಂಗಿದ್ರೂ ಏಳ್ತದೆ ಕಣ್ರೀ" ಅಂದೆ. "ಈಸ್ಟ್ ಹಾಕಿದೀರಲ್ಲ."

ಆಮೇಲೆ ಇಬ್ಬರೂ ಪೋಸ್ಟ್‌ಮಾಸ್ಟರ ಮನೆಗೆ ಹೋದೆವು. ಕೇಳುವುದರಲ್ಲಿ ನಾಚಿಕೆ ಏನು; ಕಾರು ಓಡಿಸಲು ಬಾರದವರು ಬರುವವರನ್ನು ಕೇಳುವುದಿಲ್ಲವೇ. ವಿಶಾಲಮ್ಮ ಕಲ್ಲುಚಪ್ಪಡಿಯ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದರು. ರಂಗಧಾಮಯ್ಯನವರು ಕಾಫಿ ತಂದು ಕೊಟ್ಟು, ಬಾಗಿಲ ಚಿಲಕ ಹಿಡಿದುಕೊಂಡು ಗಾಳಿಗೆ ಸ್ವಲ್ಪ ಸ್ವಲ್ಪ ಅಲ್ಲಾಡುತ್ತ ನಿಂತರು.

"ಇವರು ಆಫೀಸಲ್ಲಿ ಹುಲಿ" ಅಂದರು ವಿಶಾಲಮ್ಮ.

"ಮನೇಲೂ ಹುಲೀನೇ" ಅಂದರು ರಂಗಧಾಮಯ್ಯ. "ಇವಳು ಹುಲಿ ಮೇಲೆ ಕೂತಿರೋಳು."

"ಸುಮ್ನಿರಿ." ಅವರು ಸುಮ್ಮನಾದರು, ಎಷ್ಟು ಖುಷಿಯಿಂದ ಎಂದರೆ ನನಗೆ ಹೊಟ್ಟೆಕಿಚ್ಚಾಯಿತು. ವಿಶಾಲಮ್ಮ ನನ್ನ ಗಂಡನ ಕಡೆ ತಿರುಗಿದರು. "ನೋಡಪ್ಪ ಚೆಲುವರಾಜು, ಜೋರು ಮಾಡೋದನ್ನ ಕಲೀಬೇಕು ಅಂದ್ಕೊಂಡಿದ್ರೆ ಎದ್ದು ಮನೆಗೆ ಹೋಗು. ಜೋರು ಮಾಡಕ್ಕೆ ಕಾಳೇಗೌಡಂಗೂ ಬರತ್ತೆ. ಭಾರ ಇಸ್ಕೊಂಡೋರಿಗೇ ಕೆಲಸ ಜಾಸ್ತಿ. ಇವರು ಸುಮ್ನೆ ಕೂತಿದ್ರೆ ನಾನು ಇವರ ಮುಖ ನೋಡ್ತಾ ಇರ್ಬೇಕು. ಹಿತವಾಗಿ ಸುಮ್ನಿದಾರಾ, ನೊಂದ್ಕೊಂಡು ಸುಮ್ನಿದಾರಾ ಅಂತ. ಒಂದ್ಸಲ ನಂಗೆ ಗೊತ್ತಾಗ್ಲಿಲ್ಲ. ಆ ವಾರ ಇಬ್ರೂ ಅತ್ತಿದೀವಿ."

ರಂಗಧಾಮಯ್ಯ ಚಿಲಕ ಹಿಡಿದುಕೊಂಡೇ ತಲೆದೂಗಿದರು.

"ಮೊದ್ಲು ಕೇಳು. ಏನು ಬೇಕು, ಏನು ಬೇಡ, ಯಾವುದು ಯೋಚನೆ ಮಾಡಿ ಹೇಳ್ತೀನಿ ಅನ್ನೋದು. ಇದೆಲ್ಲ ತೂಕ ಕೊಡೋ ಮುಂಚೆ. ಕೊಟ್ಟ ಮೇಲೆ ಕೇಳಿದ್ರೆ ಇವರು ಎಲ್ಲದಕ್ಕೂ ಹೂಂ ಅಂದ್ಬಿಡ್ತಾರೆ, ಆ ಹೂಂ ನಂಬೋ ಹಾಗಿಲ್ಲ. ಆಮೇಲೆ ಇನ್ನೊಂದು. ತೂಕ ವಾಪಸ್ಸು ಕೊಟ್ಟ ಮೇಲೆ ಎದ್ದು ಹೋಗ್ಬೇಡ. ಪಕ್ಕದಲ್ಲಿ ಕೂತ್ಕೋ, ನೀರು ಕೊಡು, ಬೆನ್ನು ಸವರು. ದಿಢೀರಂತ ಭಾರ ವಾಪಸ್ ಬಂದ್ರೆ ಮನುಷ್ಯರಿಗೆ ಯಾಕೋ ಅಳು ಬರತ್ತೆ."

ಮಾರನೆಯ ದಿನ ನಾನು ಹೊಸ ಮನೆಯ ತಾರಸಿಗೆ ನೀರು ಕಟ್ಟಿಸುತ್ತಿದ್ದಾಗ ಇವರು ಬನ್ನು, ಫ್ಲಾಸ್ಕಿನಲ್ಲಿ ಚಹಾ ತಗೊಂಡು ಏಣಿ ಹತ್ತಿ ಬಂದರು. ಆಳುಗಳು ಊಟಕ್ಕೆ ಕೆಳಗಿಳಿದಿದ್ದರು. ನೀರಿನ ಅಂಚಿನಲ್ಲಿ ಇಬ್ಬರೂ ಕೂತೆವು.

"ಏನು ಬೇಕು ಹೇಳು" ಅಂದರು. ಹನ್ನೆರಡು ವರ್ಷದ ಸಂಸಾರದಲ್ಲಿ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಎಲ್ಲರೂ ಕೇಳುವುದು 'ಏನು ಮಾಡಲಿ' ಎಂದು. ಬನ್ನು ಮುರಿದು ಮುರಿದು ತಿಂದೆ.

"ನೀವು ಹೇಳ್ಬೇಕು, ನಾನು ಮಾಡ್ಬೇಕು. ಆದ್ರೆ ಮಕ್ಕಳ ಮುಂದೆ ಬೇಡ. ಆಳುಗಳ ಮುಂದಂತೂ ಬೇಡ್ವೇ ಬೇಡ. ಸ್ವರ ಏರಿಸ್ಬಾರ್ದು. ಬೈಬಾರ್ದು, ಆಟಕ್ಕೂ ಬೈಬಾರ್ದು, ದಿನಾ ಬೈಗುಳದಲ್ಲೇ ಇರೋಳು ನಾನು. ಮೆಲ್ಲಗೆ ಹೇಳಿ. ಆದ್ರೆ ಕೇಳೋ ಥರ ಬೇಡ, ಹೇಳೋ ಥರ ಹೇಳಿ."

"ಕಣ್ಣಿಗೆ ಬಟ್ಟೆ ಕಟ್ಲಾ? ಪೋಸ್ಟ್‌ಮಾಸ್ಟ್ರು ಏನೋ ಅಂತಿದ್ರು."

"ಅದು ಯೋಚನೆ ಮಾಡಿ ಹೇಳ್ತೀನಿ ಅನ್ನೋದ್ರಲ್ಲಿ ಇಡಿ."

ಇನ್ನೂ ಕೆಲವು ಬೇಕುಗಳನ್ನು ಹೇಳಿದೆ. ಅವರ ಕಿವಿ ಕೆಂಪಾಯಿತು. ನನ್ನದೂ ಆಗಿತ್ತೇನೋ, ನನಗೆ ಕಾಣಲಿಲ್ಲ. ಅವರೂ ತಮ್ಮ ಬೇಡಗಳನ್ನು ಹೇಳಿದರು. ಅವರಿಗೂ ಬೇಡಗಳಿರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. ತಮ್ಮನ್ನು 'ಯಜಮಾನ' ಅನ್ನಬಾರದು, ನಗು ಬರುತ್ತದೆ. ಇಷ್ಟವಿಲ್ಲದಿದ್ದರೆ ಹಲ್ಲು ಕಚ್ಚಿಕೊಂಡು ಇರಬಾರದು, ಗೊತ್ತಾದರೆ ತಮಗೆ ಜನ್ಮದಲ್ಲಿ ಮುಖ ತೋರಿಸಲಾಗುವುದಿಲ್ಲ. ತೂಕ ವಾಪಸ್ಸು ಪಡೆಯುವ ಮಾತಿಗೆ ತೊಂಡೆಕಾಯಿ ಎಂದು ಗೊತ್ತು ಮಾಡಿದೆವು. ಇಬ್ಬರೂ ತಿನ್ನುವುದಿಲ್ಲ, ಅಪ್ಪಿತಪ್ಪಿ ಬಾಯಿಗೆ ಬರುವುದಿಲ್ಲ.

ಎಲ್ಲ ಆದ ಮೇಲೆ ನಾನು ದೊಡ್ಡವ್ವನಿಗೆ ಕೊಟ್ಟ ಮಾತನ್ನು ಹೇಳಿದೆ. ಇವರ ಮುಖ ಬತ್ತಿತು.

"ಮೊದ್ಲೇ ಹೇಳಾದಲ್ವ?"

"ಹೇಳಿದ್ರೆ ರಗ್ಗು ಹಿಂಡ್ತಿದ್ದಾಗ್ಲೇ ನೀವು ಬೇಡ ಅಂದ್ಬಿಡ್ತಿದ್ರಿ."

"ಹೋಗಿ ದೊಡ್ಡವ್ವನ್ನೇ ಕೇಳು. ಬಿಟ್ಕೊಟ್ರೆ ಸರಿ. ಇಲ್ಲ ಅಂದ್ರೆ ಈ ಬನ್ನು ತಿಂದಿದ್ದೇ ಲಾಭ."

ದೊಡ್ಡವ್ವನ ಮನೆ ನಮ್ಮ ಹಿಂದಿನ ಬೀದಿ. ತಾರಸಿಯ ಮೇಲೆ ಸೀರೆ ಹಾಸಿ ಹಪ್ಪಳ ಒಣಗಿಸುತ್ತಿದ್ದಳು. ನಾನು ಹತ್ತಿ ಬಂದ ಸದ್ದಿಗೇ, "ಏನವ್ವ, ಮೇಸ್ತ್ರಿ ಗಾಡಿ ಇವತ್ತು ಇತ್ಲಾಗ್ ಬಂತು" ಅಂದಳು. ಇವರಿಗೆ ತೂಕ ಕೊಡಬೇಕೆಂದಿದ್ದೇನೆ, ಅವತ್ತು ಯಾಕೆ ಮಾತು ತೆಗೆದುಕೊಂಡೆ ಎಂದು ಸುತ್ತು ಬಳಸದೆ ಕೇಳಿದೆ. ಅವಳ ಕೈ ಹಪ್ಪಳದ ಮೇಲೆ ನಿಂತಿತು.

"ಯಾಕೆ ಮಾತು ತಗಂಡೆ ಅಂತ ಇವತ್ತು ಕೇಳ್ತಿದೀಯ" ಅಂದಳು. "ನಾನೂ ಕೊಟ್ಟಿದ್ದೆ ಕಣೆ. ನಿನ್ನ ದೊಡ್ಡಪ್ಪಂಗೆ. ಭಾರಿ ಇಷ್ಟಪಟ್ಟು ಕೊಟ್ಟಿದ್ದೆ. ಹಗುರ ಆಗದು ಅಂದ್ರೆ ಏನು ಅಂತ ನಂಗೆ ಹೇಳ್ಕೊಡಕ್ಕೆ ಬರಬ್ಯಾಡ. ಆ ದಿನ ನೆನಸ್ಕಂಡ್ರೆ ಈಗ್ಲೂ ಕಾಲು ನೆಲದ ಮ್ಯಾಲೆ ನಿಲ್ಲಕಿಲ್ಲ."

ನಾನು ಕೂತೆ.

"ಒಂದಿನ ಹಿಟ್ಟಿನ ಗಿರಣಿಗೆ ರಾಗಿ ಬೀಸಕ್ಕೆ ಹೋದ. ನನ್ನ ತೂಕ ಅವನ ಮೈಮ್ಯಾಲೇ ಇತ್ತು. ಅಲ್ಲಿ ಗಂಡಸ್ರು ಗುಂಪು. ತಕ್ಕಡಿ ಮ್ಯಾಲೆ ಹತ್ತಿ ನಿಂತ್ಕಂಡು, 'ನೋಡ್ರೋ, ಇದ್ರಾಗೆ ಅರ್ಧ ನಾನು, ಅರ್ಧ ನನ್ನ ಹೆಂಡ್ರು' ಅಂತ ಎಲ್ರಿಗೂ ತೋರ್ಸಿದ. ಅವ್ರು ನಕ್ಕರು. ಅವನೂ ನಕ್ಕ. ನಾನು ಹಗುರಾಗಿದ್ನಲ್ಲ, ಹಿಂದೇನೇ ಹೋಗಿ ಗಿರಣಿ ಬಾಗ್ಲಲ್ಲಿ ನಿಂತಿದ್ದು ಯಾರ್ಗೂ ಸದ್ದು ಗೊತ್ತಾಗ್ಲಿಲ್ಲ."

"ಆಮೇಲೆ?"

"ಆಮೇಲೇನು, ಮಾತು ಆಡಿ ನನ್ನ ತೂಕ ನಾನು ತಗಂಡೆ. ತಕ್ಕಡಿ ಮುಳ್ಳು ಧಡ್ ಅಂತ ಇಳೀತು, ಅವ್ನು ಮಗ್ಗುಲಾಗಿ ರಾಗಿ ಮೂಟೆ ಮ್ಯಾಲೆ ಬಿದ್ದ. ಅದಾದ ಮ್ಯಾಲೆ ಬದುಕಿರಗಂಟ ಒಳ್ಳೇನೇ ಆಗಿದ್ದ, ಹೊಡೀಲಿಲ್ಲ, ಬಡೀಲಿಲ್ಲ. ತಿರ್ಗಿ ಕೊಡು ಅಂತ ಎಷ್ಟೋ ಸಲ ಕೇಳ್ದ. ಕೊಡಕ್ಕೆ ನಂಗೂ ಮನ್ಸಿತ್ತು. ತೂಕ ಹೋಗ್ಲೇ ಇಲ್ಲ ಕಣೆ. ಕೂತು ಕೂತು ನೋಡಿದೆ, ಮೈ ಬಿಟ್ಟು ಹೋಗ್ಲೇ ಇಲ್ಲ." ಒಂದು ಹಪ್ಪಳ ತಿರುವಿ ಹಾಕಿದಳು. "ನಿನಗಿಂಗೆ ಆಗ್ಬಾರ್ದು ಅಂತ ಮಾತು ತಗಂಡೆ."

"ಇವರು ಹಂಗಲ್ಲ ದೊಡ್ಡವ್ವ."

"ಅವ್ನೂ ಹಂಗಿರ್ಲಿಲ್ಲ, ತಕ್ಕಡಿ ಹತ್ತಗಂಟ."

"ಮಾತಿಂದ ಬಿಡುಗಡೆ ಕೊಡು."

ಅವಳು ಎದ್ದು ಸೀರೆಯ ನಾಲ್ಕು ಮೂಲೆಗೂ ಕಲ್ಲು ಹೇರಿದಳು. ಕೊನೆಗೆ, "ಕೊಡಾಕಿಲ್ಲ" ಅಂದಳು. "ನಾನು ಸರಿ ಅಂದೆ ಅಂತ ನೀನು ಕೊಟ್ಟು, ಅವ್ನು ಏನಾರ ಮಾಡಿದ್ರೆ, ಸುಟ್ಕೊಳ್ಳೋಳು ನಾನು. ನಾನು ಬ್ಯಾಡ ಅಂದೆ ಅಂತ ನೀನು ಬುಟ್ರೆ ಸಾಯಗಂಟ ನನ್ನ ಮ್ಯಾಲೆ ಹಲ್ಲು ಕಡೀತೀಯ. ಎರಡೂ ನಂಗೆ ಬ್ಯಾಡ. ಮೈ ನಿಂದು, ತೂಕ ನಿಂದು, ನಾಲಿಗೆನೂ ನಿಂದು. ಮುರಿಯಾದಾದ್ರೆ ನೀನೇ ಮುರಿ, ಮುರ್ದು ಬಂದು ನನ್ನ ಮುಖ ನೋಡಿ ಹೇಳು. ಆಮೇಲೆ ನಾನೇನು ಮಾಡ್ತೀನೋ ಅದು ನನ್ನ ಇಷ್ಟ."

ಅವಳು ಇವತ್ತಿಗೂ ಮುಟ್ಟದ ತಮ್ಮನ ಮನೆಯ ನೀರು ನೆನಪಾಯಿತು. ಮೆಟ್ಟಿಲಿಳಿಯುವಾಗ ನನ್ನ ತೂಕ ಎಂದಿಗಿಂತ ಹೆಚ್ಚಿದ್ದಂತಿತ್ತು. ನನಗೆ ತಾಯಿ ಎಂದು ಇರುವುದು ಅವಳೊಬ್ಬಳೇ. ಒಂದು ಮಧ್ಯಾಹ್ನದ ಹಗುರಕ್ಕೆ ಅವಳನ್ನು ಕಳೆದುಕೊಳ್ಳುವುದೇ? ಎರಡು ವಾರ ಹಾಗೇ ಕಳೆಯಿತು. ಇವರು ಒಂದು ಸಲವೂ ಆ ಮಾತು ಎತ್ತಲಿಲ್ಲ, ಮುಖ ಊದಿಸಿಕೊಳ್ಳಲೂ ಇಲ್ಲ. ಬನ್ನಿನಲ್ಲಿ ಮಾತ್ರ ನನ್ನ ಪಾಲಿನದಕ್ಕೆ ಟೂಟಿಫ್ರೂಟಿ ಒಂದು ಚೂರು ಜಾಸ್ತಿ ಬೀಳುತ್ತಿತ್ತು. ಎತ್ತಿದ್ದರೆ ಬೇಡ ಅಂದುಬಿಡುತ್ತಿದ್ದೆನೇನೋ. ಎತ್ತದ್ದರಿಂದಲೇ ಒಂದು ಭಾನುವಾರ ಬೆಳಿಗ್ಗೆ ಮಕ್ಕಳಿಬ್ಬರನ್ನೂ ನಾದಿನಿಯ ಮನೆಗೆ ಊಟಕ್ಕೆ ಕಳಿಸಿದೆ, ಬಾಗಿಲು ಮುಂದೆ ಮಾಡಿದೆ.

"ಇವತ್ತು" ಅಂದೆ.

"ದೊಡ್ಡವ್ವ?"

"ಅದು ನನ್ನ ಬಾಬತ್ತು."

ಮೊದಲ ಪ್ರಯತ್ನ ಹಾಳಾದದ್ದು ನನ್ನಿಂದಲೇ. ನಡುಮನೆಯಲ್ಲಿ ಎದುರುಬದುರು ನಿಂತೆವು. "ಕೂತ್ಕೋ" ಅಂದರು ಇವರು. "ಮೊದ್ಲು ಫ್ಯಾನ್ ಹಾಕಿ, ಆಮೇಲೆ ಕೂತ್ಕೋ ಅನ್ನಿ" ಅಂದೆ ನಾನು. ಫ್ಯಾನ್ ಹಾಕಿದರು. "ಅಲ್ಲಿ ನಿಂತ್ಕಂಡಲ್ಲ, ಇತ್ಲಾಗ್ ಬನ್ನಿ, ಬೆಳಕು ಮುಖಕ್ಕೆ ಹೊಡೀತದೆ." ಬಂದರು. "ಈಗ ಅನ್ನಿ." "ಕೂತ್ಕೋ." "ಇನ್ನೊಂಚೂರು ಗಟ್ಟಿಯಾಗಿ." ತೂಕ ಒಂದು ಗುಲಗಂಜಿಯಷ್ಟೂ ಅಲ್ಲಾಡಲಿಲ್ಲ. ಹೇಗೆ ಅಲ್ಲಾಡೀತು? ಒಪ್ಪಿಸಿಕೊಳ್ಳುವ ಕೆಲಸಕ್ಕೂ ನಾನೇ ಮೇಸ್ತ್ರಿಯಾಗಿ ನಿಂತಿದ್ದೆ. ಗೊತ್ತಾದದ್ದೇ ಇಬ್ಬರಿಗೂ ನಗು. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಂತ ಮೇಲೆ ಇವರು ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು. ಮೀಸೆ ತಿರುವಲಿಲ್ಲ. ಸೊಂಟಕ್ಕೆ ಕೈ ಕೊಡಲಿಲ್ಲ. ಹಿಟ್ಟು ಉಬ್ಬಿತೋ ಇಲ್ಲವೋ ಎಂದು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡುವಾಗಿನ ಮುಖ, ಅದೇ ಮುಖ.

"ಸೊಂಟದ ಕೀಲಿಕೈ ಗೊಂಚಲು ತೆಗೆದು ಇಲ್ಲಿ ಕೊಡು" ಅಂದರು.

ಆ ಗೊಂಚಲಿನಲ್ಲಿ ಸಾಮಾನಿನ ಕೊಠಡಿ, ಮನೆ ಬೀರು, ಸೈಟಿನ ಗೇಟು ಎಲ್ಲ ಇದ್ದವು. ಸ್ನಾನಕ್ಕೆ ಹೋದರೂ ಮೊಳೆಗೆ ತಗುಲಿಸಿ ಕಣ್ಣಿಟ್ಟಿರುತ್ತಿದ್ದೆ. ಅವರು ಕೈ ಚಾಚಿ ಕಾದರು. ಅವಸರ ಮಾಡಲಿಲ್ಲ, ಇನ್ನೊಂದು ಸಲ ಹೇಳಲೂ ಇಲ್ಲ. ಸೊಂಟದಿಂದ ಗೊಂಚಲು ಬಿಡಿಸಿ ಅವರ ಅಂಗೈ ಮೇಲೆ ಇಟ್ಟೆ.

ಕಿವಿಯಲ್ಲಿ ಗುಂಯ್ ಅಂದಿತು. ಹಿಮ್ಮಡಿ ನೆಲದಿಂದ ಬಿಟ್ಟುಕೊಂಡಿತು. ಹೆಗಲು, ಕತ್ತು, ಬೆನ್ನಿನ ನಡುವೆ ವರ್ಷಾನುಗಟ್ಟಲೆ ಗಂಟು ಹಾಕಿಕೊಂಡಿದ್ದ ಒಂದು ಜಾಗ, ಎಲ್ಲ ಒಂದರ ಹಿಂದೆ ಒಂದು ಖಾಲಿಯಾದವು. ಫ್ಯಾನಿನ ಗಾಳಿಗೆ ನಾನು ಅರ್ಧ ಮೊಳ ಹಿಂದೆ ಸರಿದೆ. ಅವರು ಮಾತ್ರ ಮೂಟೆ ಎತ್ತಿಕೊಂಡವರ ಹಾಗೆ ಕುಕ್ಕರಿಸಿ ಮಂಚದ ಮೇಲೆ ಕೂತರು. ಅತ್ತೆಯ ಕಾಲದ ನಾಲ್ಕು ಕಾಲಿನ ಮಂಚ ಅದು. ಒಂದು ಕಾಲು ಲಟಕ್ಕೆಂದಿತು, ಇನ್ನೊಂದು ಅದರ ಜೊತೆಗೂಡಿತು, ಇವರು ಇಳಿಜಾರಿನಲ್ಲಿ ಜಾರಿ ನೆಲಕ್ಕೆ ಬಂದರು. ನಾನು ನಗುವುದರೊಳಗೆ ಅವರ ಮುಖ ಕಂಡಿತು. ಅವರು ನಗುತ್ತಿರಲಿಲ್ಲ.

"ಇಷ್ಟನ್ನ ಹೊತ್ಕಂಡು ಓಡಾಡ್ತಿದ್ಯಾ ನೀನು?" ಅಂದರು.

ಅವರು ಗೋಡೆಗೆ ಒರಗಿ ಕೂತು, ಉಸಿರು ಸರಿಮಾಡಿಕೊಂಡು, "ಇಲ್ಲಿ ಬಾ. ನನ್ನ ಪಕ್ಕ ಕೂತ್ಕೋ. ಜಡೆ ಬಿಚ್ಚು" ಅಂದರು. ಅದೇ ಮೆಲ್ಲಗಿನ ದನಿ, ಆದರೆ ಅಡಿಯಲ್ಲಿ ಬುನಾದಿ ಇದ್ದ ದನಿ. ಹೋದೆ. ಕೂತೆ. ಬಿಚ್ಚಿದೆ. ಮುಂದಿನದನ್ನು ಹೇಳುವ ಅಗತ್ಯವಿಲ್ಲ, ಅದು ಬೇಕು ಎಂದು ಗೊತ್ತು ಮಾಡಿದ್ದರ ಒಳಗಿನದು. ಇಷ್ಟು ಮಾತ್ರ ಹೇಳಬಹುದು: ನಡುವೆ ಒಂದು ಸಲ ನನ್ನ ಹುಬ್ಬು ಗಂಟಾಯಿತಂತೆ. ನನಗೇ ಗೊತ್ತಿರಲಿಲ್ಲ. ಅವರು ಕೈ ನಿಲ್ಲಿಸಿ, "ಹಿತವಾ?" ಎಂದು ಕೇಳಿದರು. ಕಾಲು ಜೋಮು ಹಿಡಿದಿದೆ ಅಂದೆ. ಕಾಲು ಸರಿಮಾಡಿ ಆಮೇಲೆ ಮುಂದುವರಿಸಿದರು.

ಆ ಹೊತ್ತಿಗೆ ಬಾಗಿಲು ತಟ್ಟಿದರು. "ಮೇಸ್ತ್ರಮ್ಮೋ!" ಎಂಬ ದನಿ. ಸೆಂಟ್ರಿಂಗ್ ಹುಚ್ಚಯ್ಯ. ನನ್ನ ಕೈಕೆಳಗಿನ ಆಳುಗಳಲ್ಲಿ ಇವನಷ್ಟು ಉದ್ದ ನಾಲಿಗೆಯವನು ಇನ್ನೊಬ್ಬನಿಲ್ಲ. ಸಂಜೆಯಾದರೆ ಅರಳಿಕಟ್ಟೆಯಲ್ಲಿ ಅವನದೇ ದರ್ಬಾರು. ನಾನು ಎದ್ದು ಸೆರಗು ಹುಡುಕುವಷ್ಟರಲ್ಲಿ ಇವರು ಕೈ ಎತ್ತಿ ತಡೆದರು. "ನೀನು ಇರು" ಅಂದರು. ಗಡಿಯಾರವೂ ಅಲ್ಲಾಡುವ ಹಾಗೆ ಧಡ್ ಧಡ್ ಎಂದು ಹೆಜ್ಜೆಯಿಟ್ಟು ಬಾಗಿಲಿಗೆ ಹೋದರು. ನಾನು ಕದದ ಹಿಂದೆ, ಸದ್ದು ಬರದ ಹಗುರ ಮೈಯಲ್ಲಿ, ತೊಂಡೆಕಾಯಿಯನ್ನು ನಾಲಿಗೆಯ ತುದಿಗೆ ತಂದುಕೊಂಡು ನಿಂತೆ. ಗಿರಣಿಯ ಬಾಗಿಲಲ್ಲಿ ದೊಡ್ಡವ್ವ ನಿಂತದ್ದು ಹೀಗೇ ಇರಬೇಕು. ಇವರು ಈಗ ಹಲ್ಲು ಕಿರಿದರೆ, ಕಣ್ಣು ಮಿಟುಕಿಸಿದರೆ, ಅಲ್ಲಿಗೆ ಎಲ್ಲ ಮುಗಿಯಿತು. ನನ್ನ ತೂಕ ಇನ್ನು ಯಾವತ್ತೂ ನನ್ನನ್ನು ಬಿಟ್ಟು ಹೋಗುವುದಿಲ್ಲ.

"ಮೇಸ್ತ್ರಮ್ಮ ಇಲ್ವಾ ಅಣ್ಣ? ನಾಳೆ ಹಲಗೆ ಬಿಚ್ಚಾದೋ ಬ್ಯಾಡ್ವೋ ಕೇಳ್ಮ ಅಂತ." ಹುಚ್ಚಯ್ಯ ಮಾತು ನಿಲ್ಲಿಸಿದ. ಹೊಸಿಲ ಹಲಗೆ ನರಳಿದ್ದು ಅವನಿಗೂ ಕೇಳಿಸಿತ್ತು. "ಓಹೋ... ಏನಣ್ಣ ಇದು. ಹೊಸ್ಲು ಮುರಿಯೋ ಹಂಗಿದೀರಲ್ಲ. ನಾವೆಲ್ಲ ಉಲ್ಟಾ ಅನ್ಕಂಡಿದ್ವಿ. ಅಂತೂ ನಮ್ಮ ಮೇಸ್ತ್ರಮ್ಮನ್ನ..."

"ಹಲಸಿನ ಹಣ್ಣು" ಅಂದರು ಇವರು.

"ಆಂ?"

"ಬೆಳಿಗ್ಗೆ ಒಂದು ಇಡೀ ಹಲಸಿನ ಹಣ್ಣು ತಿಂದ್ಬುಟ್ಟೆ ಕಣಪ್ಪ. ಒಬ್ನೇ. ಅದೇ ಹೊಟ್ಟೇಲಿ ಕೂತದೆ."

"ಈ ಕಾಲ್ದಾಗೆ ಎಲ್ಲಿ ಸಿಕ್ತಣ್ಣ ಹಲಸು?"

"ಸಿಕ್ತು."

"ಹಲಸು ತಿಂದ್ರೆ ಹೊಸ್ಲು ನರಳ್ತದಾ?"

"ಬಕ್ಕೆ ಹಲಸು, ಗಟ್ಟಿ ತೊಳೇದು" ಅಂದರು ಇವರು, ದನಿಯಲ್ಲಿ ನಗುವಿನ ಒಂದು ಎಳೆಯೂ ಇಲ್ಲದೆ. "ಹಲಗೆ ವಿಷ್ಯ ನಾಳೆ ಬೆಳಿಗ್ಗೆ ಅವಳನ್ನೇ ಕೇಳು. ಕೆಲಸದ ಮಾತಿಗೆ ಅವಳೇ ಮೇಸ್ತ್ರಿ, ನಾನು ಬನ್ನು ಮಾಡೋನು. ಈಗ ಹೋಗು, ಬಿಸಿಲಲ್ಲಿ ನಿಂತ್ಕಬೇಡ."

ಹುಚ್ಚಯ್ಯ ನಂಬಲಿಲ್ಲ. ನಂಬುವ ಮಾತೂ ಅದಾಗಿರಲಿ‌ಲ್ಲ. ಇನ್ನೆರಡು ಸಲ ಕೆಣಕಿ ನೋಡಿದ. ಎರಡು ಸಲವೂ ಇವರು ಹಲಸನ್ನೇ ಹಿಡಿದುಕೊಂಡು ನಿಂತರು. ಅವನು ಗೊಣಗುತ್ತ ಗೇಟು ದಾಟಿದ. ಇವರು ಒಳಗೆ ಬಂದು ಕದ ಹಾಕಿ, ಹಣೆಯ ಬೆವರು ಒರೆಸಿಕೊಂಡು, ಹುಕುಂ ಎಲ್ಲ ಬದಿಗಿಟ್ಟು ಕೇಳಿದರು:

"ವಾಪಸ್ಸು ಬೇಕಾ?"

"ಇನ್ನೊಂಚೂರು ಹೊತ್ತು ಇರ್ಲಿ" ಅಂದೆ.

ಮಕ್ಕಳು ಬರುವ ಹೊತ್ತಿಗೆ ನಾನೇ ತೊಂಡೆಕಾಯಿ ಎಂದು ತೂಕ ತೆಗೆದುಕೊಂಡೆ. ವಿಶಾಲಮ್ಮ ಹೇಳಿದ ಹಾಗೆಯೇ ಅಳು ಬಂತು, ದುಃಖವಿಲ್ಲದ ಅಳು. ಇವರು ಪಕ್ಕದಲ್ಲಿ ಕೂತು ನೀರು ಕೊಟ್ಟರು, ಬೆನ್ನು ಸವರಿದರು, ಕೀಲಿಕೈ ಗೊಂಚಲನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದರು. ಮಂಚಕ್ಕೆ ಏನಾಯಿತು ಎಂದು ಮಗಳು ಕೇಳಿದಳು. ಗೆದ್ದಲು ಎಂದೆವು.

ಮಾರನೆಯ ಬೆಳಿಗ್ಗೆ ಹಲಗೆ ಬಿಚ್ಚಿಸಿ, ಹುಚ್ಚಯ್ಯನನ್ನು ಒಂದು ಸಲ ನೆಟ್ಟಗೆ ನೋಡಿ ಸುಮ್ಮನಾಗಿಸಿ, ದೊಡ್ಡವ್ವನ ತಾರಸಿ ಹತ್ತಿದೆ. ಅವಳು ಹಪ್ಪಳ ಹರಡುತ್ತಿದ್ದಳು. ಅವಳ ಮುಖ ನೋಡಿಯೇ ಹೇಳಿದೆ. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು.

"ಹೊರಗೆ ಯಾರ್ಗಾರ ಆಡಿದ್ನಾ?"

"ಇಲ್ಲ."

ಹಪ್ಪಳದ ಸಾಲು ಮುಗಿಯುವವರೆಗೆ ಅವಳು ತಲೆ ಎತ್ತಲಿಲ್ಲ. "ಆದ್ರೂ ಮಾತು ಮಾತೇ" ಅಂದಳು ಆಮೇಲೆ. "ವಸಿ ದಿನ ಈ ಕಡೆ ಬರಬ್ಯಾಡ. ನಾನೇ ಹೇಳಿ ಕಳಿಸ್ತೀನಿ."

ಹೂಂ ಎಂದು ಇಳಿದು ಬಂದೆ. ಅವಳು ಹೇಳಿ ಕಳಿಸುವುದನ್ನು ಇನ್ನೂ ಕಾಯುತ್ತಿದ್ದೇನೆ. ದೊಡ್ಡವ್ವನಿಗೆ ಕೊಟ್ಟ ಮಾತನ್ನು ನಾನು ಮುರಿದೆ.